ಮಾವನವರ ಹಲ್ಲಿಗೆ ಸಿಕ್ಕ ಪ್ರಾಜೆಕ್ಟು

ನಮ್ಮ ಮಾವನವರು ಕಣ್ಣನ್ನು ನಂಬುವುದಿಲ್ಲ, ಕಿವಿಯನ್ನು ನಂಬುವುದಿಲ್ಲ, ಟೀವಿಯನ್ನಂತೂ ಕೇಳಲೇಬೇಡಿ. ಅವರು ನಂಬುವುದು ತಮ್ಮ ಬಲದವಡೆಯ ಒಂದು ಹಲ್ಲನ್ನು ಮಾತ್ರ!

ನಗಬೇಡಿ. ಅದು ಅಂತಿಂಥ ಹಲ್ಲಲ್ಲ. ಯಶವಂತಪುರದ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ದುಡಿದು ನಿವೃತ್ತಿಯಾದ ಹಲ್ಲು. ಮಾವ ಅಲ್ಲಿ ಒಂದು ಕಾಳಿನ ಮಂಡಿಯಲ್ಲಿ ಮಾಲು ನೋಡುವ ಕೆಲಸಕ್ಕಿದ್ದರು. ದಿನಾ ಬೆಳಿಗ್ಗೆ ಚಿಕ್ಕಬಾಣಾವರದ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೋಗುವುದು, ಲಾರಿಯಿಂದ ಇಳಿದ ಮೂಟೆಗೆ ಮೊನಚಾದ ಕಬ್ಬಿಣದ ಕೊಳವೆ ಚುಚ್ಚುವುದು, ಅದರಿಂದ ಉದುರಿದ ಕಾಳನ್ನು ಬಾಯಿಗೆ ಹಾಕಿಕೊಂಡು ‘ಕಟಕ್’ ಎಂದು ಕಚ್ಚುವುದು. ಆಮೇಲೆ ಎರಡೇ ತೀರ್ಪು. ‘ಒಣಗೈತೆ, ಇಳಿಸ್ಕೊ.’ ಇಲ್ಲವೇ ‘ತೇವ ಐತೆ, ವಾಪಸ್!’ ಆ ‘ಕಟಕ್’ ಕೇಳಲು ಇಡೀ ಮಂಡಿ ಉಸಿರು ಬಿಗಿಹಿಡಿದು ನಿಂತಿರುತ್ತಿತ್ತಂತೆ. ಇದು ಅವರೇ ಹೇಳಿದ್ದು. ಹಾಗಾಗಿ ಅರ್ಧ ಕಳೆದು ಕೇಳಿಸಿಕೊಳ್ಳಿ.

ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅಭ್ಯಾಸ ಬಿಟ್ಟಿಲ್ಲ. ಮನೆಗೆ ಅಕ್ಕಿ ಬಂದರೆ ಕಟಕ್. ರಾಗಿ ಬಂದರೆ ಕಟಕ್. ಮದುವೆ ಮನೆಗಳಲ್ಲಿ ಎಲ್ಲರೂ ಅಕ್ಷತೆಯನ್ನು ವಧೂವರರ ತಲೆಗೆ ಹಾಕಿದರೆ ಇವರು ಎರಡು ಕಾಳು ಬಾಯಿಗೆ ಹಾಕಿಕೊಂಡು, ‘ಹೊಸಕ್ಕಿ. ಅನ್ನ ಮುದ್ದೆಯಾಗ್ತದೆ’ ಎಂದು ಪಕ್ಕದವರಿಗೆ ಭವಿಷ್ಯ ಹೇಳುತ್ತಾರೆ. ಒಮ್ಮೆ ಹೆಸರಘಟ್ಟ ರಸ್ತೆಯ ಹಲ್ಲಿನ ಡಾಕ್ಟರು ಆ ಹಲ್ಲು ಅಲ್ಲಾಡುತ್ತಿದೆ, ಕೀಳೋಣ ಅಂದರು. ಮಾವ ಕುರ್ಚಿಯಿಂದ ಎದ್ದವರೇ, ‘ಬೇಕಾದ್ರೆ ಮಿಕ್ಕಿದ್ದೆಲ್ಲ ಕೀಳಪ್ಪ, ಇದನ್ನ ಮುಟ್ಬೇಡ. ಇದು ಅನ್ನ ಆಕಿದ ಹಲ್ಲು’ ಎಂದು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟರು.

ಇನ್ನು ನನ್ನ ಕಥೆ ಕೇಳಿ. ನನ್ನ ತವರು ಅಮೃತಹಳ್ಳಿ. ಹೆಣ್ಣು ನೋಡಲು ಬಂದವರು ಹೆಣ್ಣನ್ನು ತಾನೇ ನೋಡಬೇಕು? ಗಂಡಿನ ಅಮ್ಮ ನನ್ನ ಜೊತೆ ಮಾತಾಡುತ್ತಿದ್ದಾರೆ, ಗಂಡು ನನ್ನನ್ನು ಬಿಟ್ಟು ಉಪ್ಪಿಟ್ಟು ನೋಡುತ್ತಿದೆ, ಗಂಡಿನ ಅಪ್ಪ ಎಲ್ಲಿ? ನಮ್ಮ ಅಡುಗೆಮನೆಯಲ್ಲಿ! ತೊಗರಿಬೇಳೆಯ ಡಬ್ಬದ ಮುಂದೆ! ನಮ್ಮಮ್ಮ ದಿಗಿಲುಬಿದ್ದು ಬಾಗಿಲ ಹಿಂದೆ ನಿಂತಿದ್ದಾರೆ. ಕಟಕ್. ಮಾವ ಹೊರಗೆ ಬಂದು ನಮ್ಮಪ್ಪನ ಕೈ ಹಿಡಿದು, ‘ಬೇಳೆ ಚೆನ್ನಾಗಿ ಒಣಗಿಸಿ ಮಡಗವ್ರೆ. ನಮ್ಗೆ ಒಪ್ಪಿಗೆ’ ಎಂದರು. ನನ್ನ ಎಂ.ಕಾಂ., ನನ್ನ ಹೊಸ ರೇಷ್ಮೆ ಸೀರೆ, ಬೆಳಿಗ್ಗೆ ಐದಕ್ಕೆ ಎದ್ದು ಹಾಕಿದ ರಂಗೋಲಿ, ಯಾವುದೂ ಲೆಕ್ಕಕ್ಕಿಲ್ಲ. ನನ್ನನ್ನು ಪಾಸು ಮಾಡಿದ್ದು ತೊಗರಿಬೇಳೆ.

ಇಂಥವರ ಮನೆಗೆ, ಈ ವರ್ಷ, ನಮ್ಮ ಮೂರನೇ ಕ್ಲಾಸಿನ ಪುಟ್ಟಿ ಒಂದು ಚೀಟಿ ತಂದಳು.

ಚೀಟಿಯಲ್ಲಿ ಇದ್ದದ್ದು ಇಷ್ಟೇ. ಒಂದು ಪ್ಲಾಸ್ಟಿಕ್ ಲೋಟ, ಸ್ವಲ್ಪ ಹತ್ತಿ, ಸ್ವಲ್ಪ ನೀರು, ನಿಮಗೆ ಇಷ್ಟವಾದ ಯಾವುದಾದರೂ ಬೀಜ. ಹತ್ತು ದಿನ ದಿನಾ ನೋಡಿ, ನೋಡಿದ್ದನ್ನು ಬರೆದು, ಪಕ್ಕದಲ್ಲಿ ಚಿತ್ರ ಬಿಡಿಸಿ, ಹತ್ತನೇ ದಿನ ಗಿಡದ ಸಮೇತ ಕ್ಲಾಸಿಗೆ ತರಬೇಕು. ಮನೆಯ ಹಿರಿಯರೂ ಬರಬಹುದು. ನಾವು ಓದುವ ಕಾಲದಲ್ಲೂ ಇತ್ತಲ್ಲ ಇದು? ಏನು ಮಹಾ ಅಂದುಕೊಂಡೆ. ಐದು ಅಲಸಂದೆ ಕಾಳನ್ನು ಒದ್ದೆ ಹತ್ತಿಯ ಮೇಲೆ ಇಟ್ಟು, ಲೋಟವನ್ನು ಹಾಲಿನ ಕಿಟಕಿಯಲ್ಲಿಟ್ಟು, ಪುಟ್ಟಿ ನೋಟ್‌ಬುಕ್ಕಿಗೆ ಬಣ್ಣದ ರಟ್ಟು ಹಾಕಿದಳು.

ಮಾರನೇ ದಿನ ನಾನು ತರಕಾರಿಗೆ ಹೋಗಿ ಬರುವಷ್ಟರಲ್ಲಿ ಕಿಟಕಿಯಲ್ಲಿ ಲೋಟ ಇಲ್ಲ. ಮಾವನೂ ಇಲ್ಲ. ಮೂರು ಮಹಡಿ ಹತ್ತಿ ಟೆರೇಸಿಗೆ ಹೋಗಿ ನೋಡಿದರೆ ಏನು ನೋಟ ಅಂತೀರಿ! ಡಬಲ್ ಕಾಟಿನ ಬೆಡ್‌ಶೀಟು ಹಾಸಿದೆ. ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ. ಅಷ್ಟು ದೊಡ್ಡ ಬೆಡ್‌ಶೀಟಿನ ನಟ್ಟನಡುವೆ ಐದು ಅಲಸಂದೆ ಕಾಳು. ಪಕ್ಕದಲ್ಲಿ ಕೊಡೆ ಬಿಚ್ಚಿಕೊಂಡು, ಕೈಯಲ್ಲಿ ಕೋಲು ಹಿಡಿದು, ಪಾರಿವಾಳ ಕಾಯುತ್ತಾ ನಮ್ಮ ಮಾವ!

‘ಏನ್ ಮಾವಾ ಇದು?’

‘ನೋಡಮ್ಮಾ, ನಾನು ಕಾಣದೆ ಓಗಿದ್ರೆ ಏನ್ ಗತಿ! ಯಾರೋ ಒದ್ದೆ ಅತ್ತಿನಾಗೆ ಕಾಳು ಬಿಸಾಕವ್ರೆ. ಒಳ್ಳೆ ಮಾಲು. ಆಗ್ಲೇ ತೇವ ಇಡ್ದಿತ್ತು. ಇನ್ನೊಂದು ದಿನ ಬಿಟ್ಟಿದ್ರೆ ಮೊಳಕೆ ಬಂದು ಕೆಟ್ಟೋಗದು!’

‘ಮಾವಾ, ಮೊಳಕೆ ಬರ್ಲಿ ಅಂತಾನೇ ಇಟ್ಟಿದ್ದು!’

ಮಾವ ನನ್ನ ಮುಖವನ್ನೇ ನೋಡಿದರು. ಪೊಲೀಸಿನವರಿಗೆ ‘ಕಳ್ಳ ಬರ್ಲಿ ಅಂತಾನೇ ಬಾಗ್ಲು ತೆಗ್ದಿದ್ದು’ ಅಂತ ಹೇಳಿದರೆ ಹೇಗೆ ನೋಡುತ್ತಾರೋ ಹಾಗೆ. ತಪ್ಪು ಅವರದ್ದೂ ಅಲ್ಲ ಬಿಡಿ. ನಲವತ್ತು ವರ್ಷ ಮೊಳಕೆಯ ವಿರುದ್ಧ ಯುದ್ಧ ಮಾಡಿದ ಮನುಷ್ಯ. ಮಳೆಗಾಲದಲ್ಲಿ ಒಂದು ಮೂಟೆಯಲ್ಲಿ ಮೊಳಕೆ ಕಂಡರೆ ಅವತ್ತು ಊಟ ಸೇರುತ್ತಿರಲಿಲ್ಲವಂತೆ. ಅಂಥವರ ಮನೆಯ ಕಿಟಕಿಯಲ್ಲೇ ಶತ್ರುವಿಗೆ ಹತ್ತಿಯ ಹಾಸಿಗೆ!

ಸಂಜೆ ಸ್ಕೂಲಿನಿಂದ ಬಂದ ಪುಟ್ಟಿ ಅತ್ತಳು, ಕಾಲು ಬಡಿದಳು, ‘ತಾತನ ಜೊತೆ ಟೂ’ ಅಂದಳು. ಮೊಮ್ಮಗಳು ಟೂ ಬಿಟ್ಟರೆ ಮಾವ ಯಾವ ತೀರ್ಪನ್ನಾದರೂ ತಿರುಗಿಸಿ ಬರೆಯುತ್ತಾರೆ. ‘ಅಳ್ಬ್ಯಾಡ ಕಣವ್ವ. ಇದ್ಯೆ ಅಂತ ಗೊತ್ತಿರ್ಲಿಲ್ಲ ನಂಗೆ. ನಿಂಗೆ ಫಸ್ಟ್ ಕ್ವಾಲಿಟಿ ಬೀಜ ನಾನೇ ಆರಿಸಿಕೊಡ್ತೀನಿ’ ಎಂದು ಮಾರನೇ ದಿನ ಒಂದು ಕೇಜಿ ಅಲಸಂದೆ ತರಿಸಿ ಮೊರಕ್ಕೆ ಸುರಿದುಕೊಂಡು ಕೂತರು. ಐಎಎಸ್ ಪರೀಕ್ಷೆಯಲ್ಲೂ ಅಷ್ಟು ಸೋಸುವುದಿಲ್ಲ! ಒಂದು ದಪ್ಪವೆಂದು ಹೊರಗೆ, ಒಂದು ಸೊಟ್ಟವೆಂದು ಹೊರಗೆ, ಒಂದರ ಮುಖದಲ್ಲಿ ಕಳೆ ಇಲ್ಲವೆಂದು ಹೊರಗೆ. ಕೊನೆಗೆ ಐದು ಕಾಳು ಉಳಿದವು. ಪುಟ್ಟಿ ಮತ್ತೆ ಹತ್ತಿ ಒದ್ದೆ ಮಾಡಿದಳು. ಮಾವ ಕಣ್ಣು ಮುಚ್ಚಿಕೊಂಡು, ಶತ್ರುವಿನ ಕೋಟೆಗೆ ಮಗನನ್ನು ಕಳಿಸುವವರಂತೆ, ಒಂದೊಂದೇ ಕಾಳನ್ನು ಲೋಟಕ್ಕೆ ಇಳಿಸಿದರು.

ಒಂದು ದಿನ ಆಯಿತು. ಮೊಳಕೆ ಬರಲಿಲ್ಲ. ಪ್ರಾಜೆಕ್ಟಿನ ನಾಲ್ಕನೇ ದಿನಕ್ಕೆ ಕ್ಲಾಸಿನ ಅಮ್ಮಂದಿರ ವಾಟ್ಸಾಪ್ ಗ್ರೂಪು ಲಾಲ್‌ಬಾಗಾಗಿ ಹೋಯಿತು. ‘ನಮ್ಮ ಹೃತಿಕ್‌ದು ಬೇರು ಬಂತು.’ ‘ನಮ್ಮ ದಿಯಾದು ಎರಡು ಎಲೆ!’ ಒಬ್ಬರಂತೂ ಗಿಡದ ಪಕ್ಕ ಸ್ಕೇಲು ಹಿಡಿದು ಫೋಟೋ ಹಾಕಿದ್ದರು. ಹೆರಿಗೆ ವಾರ್ಡಿನಲ್ಲೂ ಇಷ್ಟು ಸಂಭ್ರಮ ಇರುವುದಿಲ್ಲ. ನಮ್ಮ ಲೋಟ ಮಾತ್ರ ಹಾಗೇ ಇತ್ತು. ಹಾಗೇ ಅಂದರೆ, ಸ್ವಲ್ಪ ವಾಸನೆ ಶುರುವಾಗಿತ್ತು.

‘ಬೀಜದ ತಪ್ಪಲ್ಲ, ಫಸ್ಟ್ ಕ್ವಾಲಿಟಿ. ಅತ್ತಿ ಸರಿಗಿಲ್ಲ’ ಎಂದರು ಮಾವ.

ಹತ್ತಿ ಬದಲಾಯಿಸಿದೆವು.

‘ನೀರು ಸರಿಗಿಲ್ಲ. ಬೋರ್‌ವೆಲ್ ನೀರು ಯಾಕ್ ಬಿಟ್ರಿ?’

ಕುಡಿಯುವ ನೀರು ಹಾಕಿದೆವು.

ಆರನೇ ದಿನ ನಾನು ಒಂದು ಕಾಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಮೊಳಕೆ ಒಡೆಯಬೇಕಾದ ಕಣ್ಣಿನ ಜಾಗದಲ್ಲಿ ಸರಿಯಾಗಿ ಒಂದು ಗುರುತು. ಇನ್ನೊಂದು ಎತ್ತಿದೆ. ಅಲ್ಲೂ ಗುರುತು. ಐದಕ್ಕೂ!

‘ಮಾವಾ... ಬೀಜ ಆರಿಸುವಾಗ ಏನಾದ್ರೂ ಕಚ್ಚಿದ್ರಾ?’

‘ಪೂರ್ತಿ ಎಲ್ಲಿ ಕಚ್ಚಿದೆ? ಅರ್ಧ ಕಚ್ಚು. ಮೆಲ್ಲಗೆ ಅದುಮಿ ನೋಡದು, ಅಷ್ಟೇ.’

‘ಐದನ್ನೂ?’

‘ಕಚ್ಚದೆ ಎಂಗಮ್ಮಾ ಗೊತ್ತಾಗದು ಒಳ್ಳೆದೋ ಕೆಟ್ಟದ್ದೋ?’

ಅಂದರೆ ಆ ಒಂದು ಕೇಜಿಯಲ್ಲಿ ಮೊಳೆಯುವ ಯೋಗ್ಯತೆ ಇದ್ದದ್ದು ಮಾವ ಬೇಡವೆಂದು ಬಿಸಾಡಿದ ಕಾಳಿಗೆ! ಅವರು ಮೆಚ್ಚಿ ಆರಿಸಿದ ಐದಕ್ಕೆ ಮಾತ್ರ ಆ ಭಾಗ್ಯ ಇಲ್ಲ! ನನಗೆ ನಗು ತಡೆಯಲಾಗಲಿಲ್ಲ. ಪುಟ್ಟಿಗೆ ಅಳು ತಡೆಯಲಾಗಲಿಲ್ಲ. ಮಾವ ಎರಡರ ಮಧ್ಯೆ ಸಿಕ್ಕಿ, ಮೊರ ತೆಗೆದುಕೊಂಡು ಮೆಲ್ಲಗೆ ಅಡುಗೆಮನೆಗೆ ಹೋಗಿಬಿಟ್ಟರು.

ಉಳಿದದ್ದು ನಾಲ್ಕೇ ದಿನ. ಕೆಳಗಿನ ಮನೆಯ ಬಾಡಿಗೆಯವರ ಹುಡುಗಿಯೂ ಪುಟ್ಟಿಯ ಕ್ಲಾಸೇ. ಅವಳಮ್ಮ ವಿಷಯ ತಿಳಿದು, ‘ಅಯ್ಯೋ, ನಮ್ಮತ್ರ ಎರಡು ಲೋಟ ಬಂದಿದೆ ಆಂಟಿ, ಒಂದು ತಗೊಳ್ಳಿ. ಯಾರ್ ನೋಡ್ತಾರೆ?’ ಎಂದರು. ನಿಜ ಹೇಳುತ್ತೇನೆ, ನನ್ನ ಕೈ ಆಗಲೇ ಮುಂದೆ ಹೋಗಿತ್ತು. ಹಿಂದಿನಿಂದ ಮಾವನ ದನಿ ಬಂತು.

‘ಬೇಡಿ ತಾಯಿ. ಇನ್ನೊಬ್ರ ಮಾಲಿಗೆ ನಮ್ಮ ಚೀಟಿ ಅಂಟಿಸದು ನಮ್ ಮನೇಲಿಲ್ಲ.’

ಮುಗಿಯಿತು. ಮೂರನೇ ಸಲ ಹತ್ತಿ ಒದ್ದೆಯಾಯಿತು. ಈ ಸಲ ಹೆಸರುಕಾಳು, ಏಕೆಂದರೆ ಅದಕ್ಕೆ ಅವಸರ ಜಾಸ್ತಿ, ಒಂದೇ ದಿನಕ್ಕೆ ಮೂತಿ ತೋರಿಸುತ್ತದೆ. ಆರಿಸುವ ಕೆಲಸ ಪುಟ್ಟಿಯದ್ದು. ಮಾವ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಬಾಯಿ ಬಿಗಿದುಕೊಂಡು ನಿಂತಿದ್ದರು. ಬೆಲ್ಲದ ಮುಂದೆ ನಿಂತ ಸಕ್ಕರೆ ಕಾಯಿಲೆಯವರ ಹಾಗೆ!

ಮರುದಿನ ಬೆಳಿಗ್ಗೆ ‘ಅಮ್ಮಾ! ಏ ಪುಟ್ಟೀ! ಎದ್ದು ಬರ್ರೋ!’ ಎಂದು ಮಾವ ಕೂಗಿದ ಕೂಗಿಗೆ ಎಲ್ಲೋ ಬೆಂಕಿ ಬಿದ್ದಿದೆ ಅಂತ ನನ್ನ ಗಂಡ ಬನಿಯನ್ನಿನಲ್ಲೇ ಓಡಿ ಬಂದರು. ಲೋಟದಲ್ಲಿ ಒಂದು ಕಾಳು ಬಾಯಿ ಬಿಟ್ಟು, ಬೆಳ್ಳಗೆ ಒಂದು ಚೂರು ಹೊರಗೆ ಚಾಚಿತ್ತು. ಮಾವ ಅದರ ಮುಂದೆ ಮಂಡಿಯೂರಿ ಕೂತಿದ್ದರು. ‘ನಲವತ್ತು ವರ್ಸ ಇದನ್ನ ನೋಡಿ ಬೈದಿದೀನಿ ಕಣಮ್ಮ’ ಎಂದರು. ‘ಕೂತ್ಕಂಡು ನೋಡಿದ್ದು ಇವತ್ತೇ.’

ಆವತ್ತಿನಿಂದ ಆ ಲೋಟಕ್ಕೆ ಝಡ್ ಪ್ಲಸ್ ಭದ್ರತೆ. ಫ್ಯಾನ್ ಹಾಕಬಾರದು, ಶೀತ ಆಗುತ್ತದೆ. ಒಗ್ಗರಣೆ ಹಾಕಬಾರದು, ಘಾಟು ಆಗುತ್ತದೆ. ಮೂರು ದಿನ ನಮ್ಮನೆಯಲ್ಲಿ ಒಗ್ಗರಣೆ ಇಲ್ಲದ ಸಾರು. ಐದರಲ್ಲಿ ಎರಡು ಮೊಳೆತವು, ಅದರಲ್ಲಿ ಒಂದು ಬಾಗಿ ಹೋಯಿತು, ಕೊನೆಗೆ ಉಳಿದದ್ದು ಒಂದೇ. ನನ್ನ ಹೆಬ್ಬೆರಳಿನ ಉದ್ದ.

ಹತ್ತನೇ ದಿನ ಮೂವರೂ ಸ್ಕೂಲಿಗೆ ಹೋದೆವು. ಮಾವ ಮದುವೆಗೆ ಉಡುವ ಪಂಚೆ ಉಟ್ಟಿದ್ದರು. ಕ್ಲಾಸಿನ ಬೆಂಚುಗಳ ಮೇಲೆ ಸಾಲಾಗಿ ಲೋಟಗಳು. ಮಾವನಿಗೆ ಸಾಲು ಕಂಡರೆ ಮುಗಿಯಿತು! ಕೈ ಹಿಂದೆ ಕಟ್ಟಿಕೊಂಡು ಒಂದು ತುದಿಯಿಂದ ಮಾಲು ನೋಡುತ್ತಾ ಹೊರಟರು. ‘ಚೆನ್ನಾಗೈತೆ.’ ‘ನೀರು ಜಾಸ್ತಿ.’ ‘ಇದು ಪರವಾಗಿಲ್ಲ.’ ಮೂರನೇ ಬೆಂಚಿನಲ್ಲಿ ಒಂದು ಲೋಟದಲ್ಲಿ ಗೇಣುದ್ದದ ಟೊಮೆಟೊ ಗಿಡ ತಲೆ ಎತ್ತಿಕೊಂಡು ನಿಂತಿತ್ತು.

‘ಇದು ಅತ್ತಿನಾಗೇ ಬೆಳೆದಿದ್ದಾ ತಾಯಿ?’

‘ಹೌದು ಅಂಕಲ್, ಹತ್ತೇ ದಿನಕ್ಕೆ!’ ಎಂದರು ಆ ಮಗುವಿನ ತಾಯಿ.

ಮಾವ ಬೆರಳಿನಿಂದ ಹತ್ತಿಯ ಅಂಚನ್ನು ಒಂದು ಚೂರು ಎತ್ತಿದರು. ‘ಮತ್ತೆ ಅಡಿನಾಗೆ ಕೆಂಪು ಮಣ್ಣು ಎಲ್ಲಿಂದ ಬಂತು?’

ಆ ತಾಯಿ ತಕ್ಷಣ ತಲೆ ಎತ್ತಿ ಸೀಲಿಂಗ್ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ನಾನು ಮಾವನ ತೋಳು ಹಿಡಿದು ಎಳೆದುಕೊಂಡು ಬಂದೆ.

ಆಮೇಲೆ ಮಕ್ಕಳು ಒಬ್ಬೊಬ್ಬರೇ ತಾವು ಬರೆದದ್ದನ್ನು ಓದಬೇಕು. ‘ಮೊದಲನೇ ದಿನ ಬೀಜ ಉಬ್ಬಿತು, ಮೂರನೇ ದಿನ ಬೇರು ಬಂತು’ ಎಂದು ಎಲ್ಲರೂ ಒಂದೇ ರಾಗ. ಪುಟ್ಟಿಯ ಸರದಿ ಬಂತು. ಅವಳು ಏನು ಬರೆದಿದ್ದಾಳೆ ಅಂತ ನಾನು ನೋಡಿರಲಿಲ್ಲ. ನೋಡಬೇಕಿತ್ತು!

‘ಎರಡನೇ ದಿನ. ತಾತ ಬೀಜವನ್ನು ಟೆರೇಸಿನಲ್ಲಿ ಒಣಗಿಸಿದರು. ಮೂರನೇ ದಿನ. ತಾತ ಹೊಸ ಬೀಜ ಹಾಕಿದರು. ನಾಲ್ಕನೇ ದಿನ. ಏನೂ ಆಗಲಿಲ್ಲ. ತಾತ ಹತ್ತಿಗೆ ಬೈದರು. ಐದನೇ ದಿನ. ತಾತ ನೀರಿಗೆ ಬೈದರು. ಆರನೇ ದಿನ. ತಾತ ಬೀಜ ಕಚ್ಚಿದ್ದರು ಎಂದು ಗೊತ್ತಾಯಿತು. ಅಮ್ಮ ನಕ್ಕರು. ನಾನು ಅತ್ತೆ. ತಾತ ಅಡುಗೆಮನೆಗೆ ಹೋದರು.’

ಪಕ್ಕದ ಪುಟದಲ್ಲಿ ಚಿತ್ರ. ಬೀಜ ಎಲ್ಲಿ? ಇಲ್ಲವೇ ಇಲ್ಲ. ಹತ್ತು ದಿನಕ್ಕೆ ಹತ್ತು ಚಿತ್ರ, ಹತ್ತೂ ತಾತನದ್ದೇ! ಕೊಡೆ ಹಿಡಿದ ತಾತ, ಮೊರದ ಮುಂದೆ ತಾತ, ಮಂಡಿಯೂರಿದ ತಾತ. ಹುಡುಗಿ ಬೀಜ ಬಿಟ್ಟು ತಾತನ ಮೇಲೆ ಸಂಶೋಧನೆ ಮಾಡಿದ್ದಳು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು. ನೆಲ ಬಾಯಿ ಬಿಟ್ಟರೆ ಹೋಗಿಬಿಡೋಣ ಅಂತ ನಾನು ಕಾಯುತ್ತಿದ್ದರೆ, ಮಾವ ಎದ್ದು ನಿಂತು, ‘ಬರ್ದಿರೋದೆಲ್ಲ ದಿಟ ಮೇಡಂ’ ಎಂದು ಸಾಕ್ಷಿ ಬೇರೆ ನುಡಿದರು!

ಆ ನಗುವಿನಲ್ಲಿ ಸೇರದೆ ಇದ್ದವಳು ಒಬ್ಬಳೇ. ಕೊನೆಯ ಬೆಂಚಿನ ಶ್ರಾವ್ಯಾ. ಅವಳ ಲೋಟ ಬೆಂಚಿನ ಮೇಲಿರಲಿಲ್ಲ, ಮಡಿಲಲ್ಲಿತ್ತು. ಅವಳ ಹೆಸರು ಕರೆದಾಗ ಎದ್ದು ನಿಂತು ಲೋಟವನ್ನು ಎದೆಗೆ ಅವಚಿಕೊಂಡಳು. ಪಕ್ಕದ ಹುಡುಗನೇ ಹೇಳಿದ, ‘ಮಿಸ್, ಅವಳು ಹುಣಸೆ ಬೀಜ ಹಾಕಿದಾಳೆ. ಏನೂ ಬಂದಿಲ್ಲ. ಸತ್ತೋಗಿದೆ.’ ಹುಡುಗಿಯ ಗದ್ದ ನಡುಗತೊಡಗಿತು.

ನಾನು ತಡೆಯುವ ಮೊದಲೇ ಮಾವ ಅಲ್ಲಿದ್ದರು. ಆ ಪುಟಾಣಿ ಬೆಂಚಿನಲ್ಲಿ ಹೇಗೋ ಮೈ ತೂರಿಸಿ ಅವಳ ಪಕ್ಕ ಕೂತರು. ‘ಎಲ್ಲಿ, ತೋರ್ಸವ್ವ’ ಎಂದರು. ಲೋಟದಿಂದ ಬೀಜವನ್ನು ಎತ್ತಿಕೊಂಡರು. ದೇವರೇ, ಇದೊಂದನ್ನು ಕಚ್ಚದಿರಲಿ! ಇಲ್ಲ. ಎರಡು ಬೆರಳಿನ ನಡುವೆ ಇಟ್ಟು, ಬಹಳ ಹೊತ್ತು, ಮೆತ್ತಗೆ ಹೊರಳಿಸಿ ನೋಡಿದರು.

‘ಯಾವನ್ಲಾ ಅವ್ನು ಸತ್ತೋಗೈತೆ ಅಂದೋನು? ಉಬ್ಬೈತೆ ಇದು. ಹುಣಸೆಗೆ ಸಿಪ್ಪೆ ಗಟ್ಟಿ, ತಡ ಆಗ್ತದೆ. ಒಳಗೆ ಕೆಲ್ಸ ನಡೀತೈತೆ.’

‘ಆದ್ರೆ ಸರ್, ಇವತ್ತೇ ಕೊನೇ ದಿನ...’ ಎಂದರು ಟೀಚರ್.

‘ಅದು ನಮ್ಗೆ ಗೊತ್ತು ಮೇಡಂ, ಬೀಜಕ್ಕೆ ಗೊತ್ತಾ? ಎಲ್ಲಾನೂ ಹೆಸರುಕಾಳಾಯ್ತದಾ? ಇದಕ್ಕೆ ನಾನು ಜವಾಬ್ದಾರಿ. ಇನ್ನಷ್ಟು ದಿನ ಟೈಮ್ ಕೊಡಿ.’

ಟೀಚರ್ ಒಳ್ಳೆಯವರು. ಲೋಟವನ್ನು ಕ್ಲಾಸಿನ ಕಿಟಕಿಯಲ್ಲೇ ಇಡಿಸಿದರು.

ಆಮೇಲೆ ಶುರುವಾಯಿತು ನೋಡಿ! ಸಂಜೆ ಪುಟ್ಟಿಯನ್ನು ಕರೆತರುವುದು ನನ್ನ ಕೆಲಸ. ಈಗ ಮಾವನೂ ಹೊರಟರು. ಗೇಟಿನಲ್ಲಿ ನಿಂತು ಶ್ರಾವ್ಯಾ ಬಂದ ಕೂಡಲೇ, ‘ಏನವ್ವ, ಎಂಗೈತೆ?’ ಅವಳು ತಲೆ ಅಲ್ಲಾಡಿಸುವುದು. ‘ಇರ್ಲಿ, ನಾಳೆ ನೋಡಾನ.’ ವಾಚ್‌ಮನ್ನಿಗೆ ಅನುಮಾನ ಬಂದು, ‘ನಿಮ್ಮ ಮೊಮ್ಮಗಳು ಯಾವಳು ಅಜ್ಜಾರೆ, ಒಳಗಿರೋಳಾ, ಹೊರಗೆ ಬಂದೋಳಾ?’ ಎಂದು ಕೇಳಿದ. ಸೋಮವಾರ ಇಲ್ಲ, ಮಂಗಳವಾರ ಇಲ್ಲ, ವಾರ ಕಳೆದರೂ ಇಲ್ಲ. ‘ಮಾವಾ, ನಿಜವಾಗ್ಲೂ ಬರುತ್ತಾ?’ ಎಂದು ನಾನೇ ಕೇಳಿದೆ.

ಹಾಗೆ ಕಾದ ಒಂಬತ್ತನೇ ದಿನ ಬೆಲ್ ಹೊಡೆಯುವ ಮೊದಲೇ ಆ ಹುಡುಗಿ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಓಡಿ ಬಂದಳು. ‘ತಾತಾ, ಬಂತು! ಬಂತು!’ ಕಂದು ಸಿಪ್ಪೆ ಬಿರಿದು, ಒಳಗಿನಿಂದ ದಪ್ಪನೆಯ ಮೊಳಕೆ ಇಣುಕುತ್ತಿತ್ತು. ಮಾವ ಅವಳ ತಲೆ ಸವರಿದರು.

ಮನೆಗೆ ಬರುವ ದಾರಿಯಲ್ಲಿ ಪುಟ್ಟಿ ಮುಂದೆ ಕುಣಿಯುತ್ತಾ ಹೋಗುತ್ತಿದ್ದಳು. ರೈಲ್ವೆ ಗೇಟು ಹಾಕಿತ್ತು. ಗಾಡಿ ಹೋಗುವವರೆಗೂ ನಿಂತೆವು. ಆಗ ಮಾವ, ನನ್ನ ಕಡೆ ನೋಡದೆ, ಹಳಿಯ ಕಡೆ ನೋಡುತ್ತಾ ಹೇಳಿದರು.

‘ನಿನ್ನ ಗಂಡ ಎಂಟನೇ ತಿಂಗಳಿಗೇ ಉಟ್ಟಿದ್ದು ಗೊತ್ತೇನಮ್ಮ? ಅಂಗೈಯಷ್ಟಿದ್ದ. ಅಳಾಕೂ ಶಕ್ತಿ ಇರ್ಲಿಲ್ಲ. ನಿಮ್ಮತ್ತೆ ಅವನ್ನ ಅತ್ತಿನಾಗೆ ಸುತ್ತಿ, ಮಡಿಲಾಗೆ ಇಟ್ಕಂಡು ಕೂತ್ಬಿಟ್ಲು. ನಾನು ನೋಡಿದೆ. ಮಂಡಿನಾಗೆ ದಿನಾ ನೋಡ್ತಿದ್ನಲ್ಲ ಮಾಲು, ಅಂಗೇ ನೋಡಿದೆ. ಇದು ಉಳಿಯಾಕಿಲ್ಲ ಕಣೇ, ಆಸೆ ಮಡಗ್ಬ್ಯಾಡ ಅಂದ್ಬಿಟ್ಟೆ. ಅವಳ ಮುಂದೇನೇ ಅಂದೆ.’

ಗಾಡಿ ಬಂತು. ಧಡಧಡ ಎಂದು ಹೋಯಿತು.

‘ಅವಳು ಅಳಲಿಲ್ಲ, ಬೈಯಲಿಲ್ಲ. ಸುಮ್ಕಿರ್ರಿ, ಇನ್ನೊಂದಷ್ಟು ದಿನ ನೋಡಾನ ಅಂದ್ಲು. ನಲವತ್ತು ದಿನ ಅಂಗೇ ಕೂತಿದ್ಲು.’

ಗೇಟು ತೆಗೆಯಿತು. ನಾವು ದಾಟಿದೆವು. ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಈ ಮಾತನ್ನು ಅವರೂ ನನಗೆ ಯಾವತ್ತೂ ಹೇಳಿರಲಿಲ್ಲ.

ಸಂಜೆ ನನ್ನ ಗಂಡ ಕೆಲಸದಿಂದ ಬಂದರು. ಆರಡಿ ಆಳು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಬ್ಯಾಗು ಎಸೆದು, ಸೋಫಾದ ಮೇಲೆ ಕೂತರೆ ಸೋಫಾ ಕಿರ್ ಎಂದಿತು. ಮಾವ ಎದುರಿನ ಕುರ್ಚಿಯಿಂದ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನೋಡುತ್ತಲೇ ಇದ್ದರು.

‘ಯಾಕಪ್ಪಾ ಹಿಂಗ್ ನೋಡ್ತಿದೀಯಾ?’

‘ಏನಿಲ್ಲ ಕಣ್ಲಾ,’ ಎಂದರು ಮಾವ. ‘ಊಟ ಸರಿಯಾಗಿ ಮಾಡ್ತಿದೀಯಾ? ಸ್ವಲ್ಪ ಸೊರಗ್ದಂಗೆ ಕಾಣ್ತೀಯ.’